ಬೀಳುವ ವಿದ್ಯೆಯ ಪದಕೋಶ: ಐಕಿಡೋ ಅಭ್ಯಾಸದ ಜಪಾನೀ ಮಾತುಗಳು

ನಮ್ಮ ಸ್ಮರಣ ಸಂಚಿಕೆಗಳ ಆರೋಗ್ಯ ಲೇಖನಗಳಲ್ಲಿ ಆಹಾರ, ಯೋಗಾಸನ, ರಕ್ತದೊತ್ತಡ, ಮಧುಮೇಹ ಮುಂತಾದವುಗಳಿಗೆ ದೊರೆತಿರುವ ಪ್ರಾಶಸ್ತ್ಯವು ‘ಬೀಳುವುದು’ ಎಂಬ ಸಾಮಾನ್ಯ ಸಂಗತಿಗೆ ದೊರೆತಂತೆ ಕಾಣುವುದಿಲ್ಲ. ಮಗುವು ನಡೆಯಲು ಕಲಿಯುವಾಗ ದಿನಕ್ಕೆ ಹತ್ತಾರು ಸಲ ಬೀಳುತ್ತದೆ, ಏಳುತ್ತದೆ. ಬೆಳೆದು ದೊಡ್ಡವರಾದ ಮೇಲೆ ನಾವು ಬೀಳುವುದನ್ನು ಮರೆಯುತ್ತೇವೆ. ಮತ್ತೆ ಅದರ ನೆನಪಾಗುವುದು ಫ್ಲ್ಯಾಟಿನ ಸ್ನಾನದ ಮನೆಯ ನುಣುಪಾದ ಹಾಸಿನ ಮೇಲೆ, ಇಲ್ಲವೆ ಮಳೆಗಾಲದಲ್ಲಿ ಒದ್ದೆಯಾದ ರೈಲ್ವೆ ಸೇತುವೆಯ ಮೆಟ್ಟಿಲುಗಳ ಮೇಲೆ. ಬೀಳುವುದರಿಂದ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಮಂದಿ ಮರಣಹೊಂದುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಅಂದಾಜು ಮಾಡಿತು. ಆಕಸ್ಮಿಕ ಗಾಯಗಳಿಂದ ಉಂಟಾಗುವ ಮರಣಗಳ ಪಟ್ಟಿಯಲ್ಲಿ ರಸ್ತೆ ಅಪಘಾತಗಳ ನಂತರದ ಸ್ಥಾನ ಇದಕ್ಕೇ. ಅದರಲ್ಲಿಯೂ ಅರವತ್ತು ದಾಟಿದವರ ಪಾಲು ಎಲ್ಲರಿಗಿಂತ ಹೆಚ್ಚು.

ಬೀಳುವುದನ್ನು ಪಾಠವಾಗಿ ಕಲಿಸಿ, ಅದಕ್ಕೊಂದು ಹೆಸರನ್ನೂ ಕೊಟ್ಟಿರುವ ವಿದ್ಯೆಗಳಲ್ಲಿ ಜಪಾನಿನ ಐಕಿಡೋ ಒಂದು. ವೃತ್ತಿಯಿಂದ ನಾನು ಬ್ಯಾಂಕಿನವನು. ಜಮಾ-ಖರ್ಚುಗಳ ನಡುವೆ ಕುರ್ಚಿಯಲ್ಲಿ ಕುಳಿತು ದಿನ ಕಳೆಯುವವನು. ಕೆಲವು ವರ್ಷಗಳಿಂದ ವಾರಕ್ಕೆರಡು ಸಂಜೆ ಮುಂಬಯಿಯ ಉಪನಗರವೊಂದರ ಶಾಲಾ ಸಭಾಂಗಣದಲ್ಲಿ ನಡೆಯುವ ಐಕಿಡೋ ತರಗತಿಗೆ ಹೋಗುತ್ತಿದ್ದೇನೆ. ಅಲ್ಲಿ ಮೊದಲು ನನ್ನನ್ನು ಆಕರ್ಷಿಸಿದ್ದು ಪಟ್ಟುಗಳಲ್ಲ, ಪಟ್ಟುಗಳ ಹೆಸರುಗಳು. ಗುಜರಾತಿ, ಮರಾಠಿ, ತಮಿಳು, ಕನ್ನಡ ಮಾತನಾಡುವ ಇಪ್ಪತ್ತು ಜನ ಒಂದೇ ಜಪಾನೀ ಪದವನ್ನು ಕೇಳಿ ಒಂದೇ ರೀತಿ ತಿರುಗುವುದನ್ನು ಕಂಡು, ಆ ಪದಗಳ ಅರ್ಥವೇನೆಂದು ವಿಚಾರಿಸತೊಡಗಿದೆ. ಅರ್ಥ ತಿಳಿದಂತೆ ದೇಹವೂ ಅದನ್ನು ಬೇಗ ಗ್ರಹಿಸುತ್ತದೆಂಬುದು ನನ್ನ ಅನುಭವ. ಆ ಪದಗಳಲ್ಲಿ ಕೆಲವನ್ನು, ವಿಶೇಷವಾಗಿ ನಮ್ಮ ವಯಸ್ಸಿನವರ ಎಲುಬುಗಳಿಗೆ ಸಂಬಂಧಿಸಿದ ಒಂದು ಪದವನ್ನು, ವಾಚಕ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

‘ಐ’ ಎಂದರೆ ಕೂಡುವುದು, ಹೊಂದಿಕೊಳ್ಳುವುದು. ‘ಕಿ’ ಎಂದರೆ ನಮ್ಮ ಪ್ರಾಣಶಕ್ತಿ ಎಂಬ ಮಾತಿಗೆ ಸಮೀಪವಾದ ಚೈತನ್ಯ. ‘ದೋ’ ಎಂದರೆ ಮಾರ್ಗ. ಎದುರಾಳಿಯ ಬಲವನ್ನು ಬಲದಿಂದ ತಡೆಯದೆ, ಅದರೊಡನೆ ಕೂಡಿ, ಅದರ ದಿಕ್ಕನ್ನು ಬದಲಿಸುವ ಮಾರ್ಗವೇ ಐಕಿಡೋ. (ಜಪಾನೀಯರ ಉಚ್ಚಾರದಲ್ಲಿ ಇದು ‘ಐಕಿದೋ’. ಕರಾತೆ, ಜೂದೋ ಎಂಬುವು ಇಂಗ್ಲಿಷಿನ ಮೂಲಕ ಹಾದು ಬಂದು ನಮ್ಮಲ್ಲಿ ಕರಾಟೆ, ಜೂಡೋ ಆಗಿರುವಂತೆ ಇದೂ ಆಗಿದೆ. ಈ ಒಂದು ಹೆಸರನ್ನು ರೂಢಿಯಂತೆಯೇ ಬರೆದು, ಉಳಿದ ಪದಗಳನ್ನು ಮೂಲದ ಉಚ್ಚಾರಕ್ಕೆ ಹತ್ತಿರವಾಗಿ ಬರೆದಿದ್ದೇನೆ.) ಇದರ ಸ್ಥಾಪಕರಾದ ಮೊರಿಹೆಯಿ ಉಎಶಿಬಾ ಅವರು 1883ರಲ್ಲಿ ವಕಯಾಮ ಪ್ರಾಂತದ ತನಬೆ ಎಂಬ ಊರಿನಲ್ಲಿ ಜನಿಸಿದರು. 1915ರಲ್ಲಿ ಹೊಕ್ಕೈದೋ ದ್ವೀಪದಲ್ಲಿ ಸೊಕಾಕು ತಕೆದಾ ಎಂಬ ಗುರುಗಳನ್ನು ಕಂಡು ದೈತೋ-ರ್ಯೂ ಎಂಬ ಮಲ್ಲವಿದ್ಯೆಯನ್ನು ಕಲಿತರು. 1931ರಲ್ಲಿ ಟೋಕಿಯೋ ನಗರದಲ್ಲಿ ತಮ್ಮದೇ ಆದ ಶಾಲೆಯನ್ನು ತೆರೆದರು. ‘ಐಕಿಡೋ’ ಎಂಬ ಹೆಸರು ಅಧಿಕೃತವಾಗಿ ನೆಲೆಗೊಂಡದ್ದು 1942ರಲ್ಲಿ. ಅವರು 1969ರಲ್ಲಿ ನಿಧನರಾದರು. ಜಪಾನೀ ಭಾಷೆಯಲ್ಲಿ ಪ್ರೀತಿಗೂ ‘ಐ’ ಎಂಬ ಉಚ್ಚಾರವೇ ಇರುವುದರಿಂದ, ತಮ್ಮ ವಿದ್ಯೆಯನ್ನು ಅವರು ಪ್ರೀತಿಯ ಮಾರ್ಗವೆಂದೂ ವ್ಯಾಖ್ಯಾನಿಸುತ್ತಿದ್ದರು. ಎರಡಕ್ಕೂ ಬರೆಯುವ ಚಿತ್ರಾಕ್ಷರಗಳು ಮಾತ್ರ ಬೇರೆ ಬೇರೆ.

ಅಭ್ಯಾಸ ಮಾಡುವ ಸ್ಥಳಕ್ಕೆ ‘ದೋಜೋ’ ಎಂದು ಹೆಸರು. ‘ಮಾರ್ಗದ ಸ್ಥಳ’ ಎಂದು ಇದರ ಅಕ್ಷರಾರ್ಥ. ಈ ಪದವು ಮೊದಲು ಬೌದ್ಧ ಗ್ರಂಥಗಳ ಚೀನೀ ಅನುವಾದಗಳಲ್ಲಿ ಬಳಕೆಗೆ ಬಂದುದು ಸಂಸ್ಕೃತದ ‘ಬೋಧಿಮಂಡ’ ಎಂಬುದಕ್ಕೆ ಪರ್ಯಾಯವಾಗಿ. ಗೌತಮನಿಗೆ ಜ್ಞಾನೋದಯವಾದ ಬೋಧಗಯೆಯ ಆ ಸ್ಥಳವನ್ನು ಸೂಚಿಸುವ ಮಾತು ಚೀನವನ್ನು ದಾಟಿ, ಜಪಾನಿನ ಗರಡಿಮನೆಯ ಹೆಸರಾಗಿ, ಈಗ ಮುಂಬಯಿಯ ಶಾಲೆಯ ಸಭಾಂಗಣಕ್ಕೆ ಬಂದಿದೆ. ಅಷ್ಟೇ ಅಲ್ಲ. ‘ಅ, ಇ, ಉ, ಎ, ಒ’ ಎಂಬ ಸ್ವರಗಳ ಬಳಿಕ ‘ಕ, ಸ, ತ, ನ, ಹ, ಮ, ಯ, ರ, ವ’ ಎಂದು ಸಾಗುವ ಜಪಾನೀ ವರ್ಣಮಾಲೆಯ ಕ್ರಮವೂ ಅಲ್ಲಿಯ ಭಿಕ್ಷುಗಳು ಸಿದ್ಧಂ ಲಿಪಿಯ ಮೂಲಕ ಮಾಡಿದ ಸಂಸ್ಕೃತಾಧ್ಯಯನದ ಪ್ರಭಾವದಿಂದ ಬಂದುದು. ಆದುದರಿಂದಲೇ ಈ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವುದು ರೋಮನ್ ಲಿಪಿಯಲ್ಲಿ ಬರೆಯುವುದಕ್ಕಿಂತ ಸುಲಭ. ಹ್ರಸ್ವ-ದೀರ್ಘಗಳ ಭೇದ ನಮಗೆ ಹುಟ್ಟಿನಿಂದಲೇ ಬಂದಿದೆ.

ಬಾಗಿ ವಂದಿಸುವುದಕ್ಕೆ ‘ರೆಯಿ’ ಎನ್ನುತ್ತಾರೆ. ತರಗತಿಯ ಆರಂಭದಲ್ಲಿ ‘ಶೋಮೆನ್ ನಿ ರೆಯಿ’ ಎಂದು ಹೇಳಲಾಗುತ್ತದೆ. ‘ಶೋಮೆನ್’ ಎಂದರೆ ಮುಂಭಾಗ. ‘ನಿ’ ಎಂಬುದು ನಮ್ಮ ‘ಗೆ, ಕ್ಕೆ’ ಎಂಬ ಚತುರ್ಥಿ ಪ್ರತ್ಯಯದ ಕೆಲಸ ಮಾಡುತ್ತದೆ. ‘ಮುಂಭಾಗಕ್ಕೆ ವಂದನೆ’: ಪದಗಳ ಕ್ರಮವನ್ನು ಕಿಂಚಿತ್ತೂ ಬದಲಿಸಬೇಕಾಗಿಲ್ಲ. ಬಳಿಕ ಜೊತೆಗಾರರು ಪರಸ್ಪರ ಬಾಗಿ ‘ಒನೆಗಾಯಿಶಿಮಸು’ ಎನ್ನುತ್ತಾರೆ. ‘ಬೇಡಿಕೊಳ್ಳುತ್ತೇನೆ’ ಎಂಬುದು ಇದರ ಭಾವ. ನನ್ನೊಡನೆ ಅಭ್ಯಾಸ ಮಾಡಿ ಉಪಕರಿಸಬೇಕೆಂಬ ವಿನಂತಿ. ಕೊನೆಯಲ್ಲಿ ‘ದೋಮೊ ಅರಿಗತೋ ಗೊಝಾಯಿಮಶಿತಾ’ ಎಂದು ಕೃತಜ್ಞತೆ ಹೇಳುವಾಗ ಕ್ರಿಯಾಪದವು ಭೂತಕಾಲದಲ್ಲಿರುತ್ತದೆ, ಏಕೆಂದರೆ ಉಪಕಾರವು ಆಗಿ ಮುಗಿದಿದೆ. ಕೇಳುವಾಗ ವರ್ತಮಾನ, ತೀರಿದ ಮೇಲೆ ಭೂತ. ಲೆಕ್ಕಪತ್ರದವನಿಗೆ ಇಂತಹ ಖಚಿತತೆ ಬಹಳ ಹಿಡಿಸುತ್ತದೆ.

ಪಟ್ಟುಗಳಿಗೆ ಹೆಸರಿಡುವ ರೀತಿಯೂ ಹೀಗೆಯೇ ಖಚಿತವಾದುದು. ‘ಕತಾತೆದೊರಿ ಶಿಹೋನಾಗೆ ಉರಾ’ ಎಂದು ಗುರುಗಳು ಹೇಳಿದರೆ ಅದರಲ್ಲಿ ಒಂದು ವೋಚರಿನಲ್ಲಿರಬೇಕಾದ ಸಮಸ್ತ ವಿವರಗಳೂ ಇರುತ್ತವೆ. ಕತಾತೆ ಎಂದರೆ ಒಂದು ಕೈ, ದೊರಿ ಎಂದರೆ ಹಿಡಿತ. ಬಂದ ಆಕ್ರಮಣ ಯಾವುದೆಂದು ತಿಳಿಯಿತು. ಶಿ ಎಂದರೆ ನಾಲ್ಕು, ಹೋ ಎಂದರೆ ದಿಕ್ಕು, ನಾಗೆ ಎಂದರೆ ಎಸೆತ. ಕೊಡಬೇಕಾದ ಉತ್ತರವೂ ಗೊತ್ತಾಯಿತು. ಉರಾ ಎಂದರೆ ಹಿಂಬದಿ. ಎದುರಾಳಿಯ ಬೆನ್ನ ಕಡೆಗೆ ತಿರುಗಿ ಹೋಗಬೇಕು. ಮುಂಬದಿಯಾದರೆ ‘ಒಮೊತೆ’. ಚೆಕ್ಕಿನ ಹಿಂಬರಹಕ್ಕೆ ಜಪಾನಿನ ಬ್ಯಾಂಕುಗಳಲ್ಲಿ ‘ಉರಗಾಕಿ’ ಎಂದು ಹೆಸರು. ಉರಾ ಎಂದರೆ ಹಿಂದೆ, ಗಾಕಿ ಎಂದರೆ ಬರಹ. ನಮ್ಮ ಹಿಂಬರಹವೂ ಅಕ್ಷರಶಃ ಅದೇ ಅಲ್ಲವೆ!

ಇನ್ನೊಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ‘ಹಿಡಿತ’ ಎಂಬುದಕ್ಕೆ ಸ್ವತಂತ್ರವಾಗಿ ‘ತೊರಿ’ ಎಂಬ ಪದ. ಸಮಾಸದ ಉತ್ತರಪದವಾದಾಗ ಅದು ‘ದೊರಿ’ ಆಗುತ್ತದೆ. ‘ಕಾಕಿ’ ‘ಗಾಕಿ’ ಆದುದೂ, ಮುಂಗೈಯನ್ನು ಹಿಂದಿರುಗಿಸುವ ಪಟ್ಟಿನಲ್ಲಿ ‘ಕಾಎಶಿ’ ‘ಗಾಎಶಿ’ಯಾಗಿ ‘ಕೊತೆಗಾಎಶಿ’ ಆದುದೂ ಹೀಗೆಯೇ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾದಂತೆ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆಯಾದಂತೆ, ಇದು ಪ್ರೌಢಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಆದೇಶ ಸಂಧಿಯ ಪ್ರತಿರೂಪ. ಇವೆರಡು ಭಾಷೆಗಳು ಬಂಧುಗಳೆಂದು ಇಷ್ಟರಿಂದಲೇ ನಿರ್ಣಯಿಸುವುದು ವಿದ್ವಾಂಸರ ಶಿಸ್ತಿಗೆ ಒಗ್ಗದು. ಆದರೆ ವಿದೇಶದ ವ್ಯಾಯಾಮಶಾಲೆಯಲ್ಲಿ ನಮ್ಮ ಮನೆಯ ವ್ಯಾಕರಣ ಎದುರಾದಾಗ ಆಗುವ ಸಂತೋಷಕ್ಕೆ ಅಡ್ಡಿಯೇನು?

ಮೊದಲ ಪಾಠಗಳಿಗೆ ಬರಿಯ ಸಂಖ್ಯೆಗಳೇ ಹೆಸರು: ಇಕ್ಕ್ಯೋ, ನಿಕ್ಯೋ, ಸಂಕ್ಯೋ, ಯೊಂಕ್ಯೋ. ‘ಕ್ಯೋ’ ಎಂದರೆ ಬೋಧನೆ. ನಾಲ್ಕಕ್ಕೆ ‘ಶಿ’ ಎಂಬ ಪದವಿದ್ದರೂ ಅದೇ ಉಚ್ಚಾರಕ್ಕೆ ಮರಣವೆಂಬ ಅರ್ಥವೂ ಇರುವುದರಿಂದ ಜಪಾನೀಯರು ಅನೇಕ ಕಡೆ ‘ಯೊನ್’ ಎಂದೇ ಎಣಿಸುತ್ತಾರೆ. ಅಪಶಕುನದ ಭಯ ನಮ್ಮೊಬ್ಬರ ಸೊತ್ತಲ್ಲ.

ಈಗ ಮುಖ್ಯವಾದ ಪದಕ್ಕೆ ಬರೋಣ. ಅಭ್ಯಾಸದಲ್ಲಿ ಇಬ್ಬರಿರುತ್ತಾರೆ. ಎಸೆಯುವವನು ‘ನಾಗೆ’. ಎಸೆಯಲ್ಪಡುವವನು ‘ಉಕೆ’. ‘ಉಕೆ’ ಎಂದರೆ ಸ್ವೀಕರಿಸುವವನು. ಇಲ್ಲಿ ಮೊದಲು ಆಕ್ರಮಣ ಮಾಡುವವನು ಈ ಉಕೆಯೇ. ಕೈ ಹಿಡಿಯುವವನು, ಹೊಡೆಯಲು ಬರುವವನು ಅವನೇ. ಆದರೂ ಅವನನ್ನು ಕರೆಯುವುದು ಅವನು ಕೊಟ್ಟುದರಿಂದಲ್ಲ, ಪಡೆದುದರಿಂದ. ವಾಣಿಜ್ಯ ಶಾಸ್ತ್ರದ ಮೊದಲ ತರಗತಿಯಲ್ಲಿ ‘ಪಡೆದವನಿಗೆ ಖರ್ಚು, ಕೊಟ್ಟವನಿಗೆ ಜಮಾ’ ಎಂಬ ಸೂತ್ರವನ್ನು ಕಲಿತ ನನಗೆ ಇದು ಜೋಡಿ ನಮೂದಿನ ಲೆಕ್ಕದಂತೆ ಕಂಡಿತು. ಕೊಟ್ಟುದು ತಿರುಗಿ ಬಂದು ಅದೇ ಖಾತೆಯಲ್ಲಿ ಬೀಳುತ್ತದೆ. ಜಪಾನೀ ಭಾಷೆಯಲ್ಲಿ ರಸೀತಿಗೆ ‘ಉಕೆತೊರಿ’ ಎಂದೂ, ಕಚೇರಿಯ ಸ್ವಾಗತ ಸ್ಥಾನಕ್ಕೆ ‘ಉಕೆತ್ಸುಕೆ’ ಎಂದೂ ಹೆಸರಿದೆ. ಎಲ್ಲ ಒಂದೇ ಧಾತುವಿನವು. ಸಾಮಾನ್ಯವಾಗಿ ನಾಲ್ಕು ಸಲ ಒಬ್ಬನು ಎಸೆದ ಮೇಲೆ ಪಾತ್ರಗಳು ಅದಲುಬದಲಾಗುತ್ತವೆ. ಪ್ರಧಾನ ಸಂಸ್ಥೆಯಾದ ಐಕಿಕಾಯ್ ಪರಂಪರೆಯಲ್ಲಿ ಪಂದ್ಯಗಳೇ ಇಲ್ಲ (ಕೆಂಜಿ ತೊಮಿಕಿಯವರ ಶಾಖೆಯಲ್ಲಿ ಇವೆ). ಹೀಗಾಗಿ ಒಂದು ಗಂಟೆಯ ತರಗತಿಯಲ್ಲಿ ಪ್ರತಿಯೊಬ್ಬನೂ ಎಸೆದಷ್ಟೇ ಸಲ ಬಿದ್ದಿರುತ್ತಾನೆ.

ಈ ಬೀಳುವ ಕಲೆಯೇ ‘ಉಕೆಮಿ’. ‘ಮಿ’ ಎಂದರೆ ದೇಹ, ಸ್ವೀಕರಿಸುವ ದೇಹ. ಜಪಾನೀ ವೈಯಾಕರಣರು ಕರ್ಮಣಿ ಪ್ರಯೋಗವನ್ನೂ ‘ಉಕೆಮಿ’ ಎಂದೇ ಕರೆಯುತ್ತಾರೆ. ‘ನಾನು ಬಿದ್ದೆ’ ಎಂಬುದಕ್ಕೂ ‘ನಾನು ಬೀಳಿಸಲ್ಪಟ್ಟೆ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಆದರೆ ಗರಡಿಯಲ್ಲಿ ಈ ಕರ್ಮಣಿ ಪ್ರಯೋಗವು ನಿಷ್ಕ್ರಿಯವಾದುದಲ್ಲ. ಬೀಳುವುದು ತಪ್ಪದೆಂದು ತಿಳಿದ ಕ್ಷಣದಲ್ಲಿ ಅದನ್ನು ತಡೆಯುವ ಹಟವನ್ನು ಬಿಟ್ಟು, ಹೇಗೆ ಬೀಳಬೇಕೆಂಬುದನ್ನು ತಾನೇ ನಿರ್ಧರಿಸುವುದು ಅದರ ಸಾರ.

ಸಹಜ ಪ್ರವೃತ್ತಿಯು ಇದಕ್ಕೆ ವಿರುದ್ಧವಾಗಿದೆ. ಕಾಲು ಜಾರಿದಾಗ ನಾವು ಕೈಯನ್ನು ನೇರವಾಗಿ ಚಾಚಿ ನೆಲಕ್ಕೆ ಊರುತ್ತೇವೆ. ಇಡೀ ದೇಹದ ಭಾರವು ಮಣಿಕಟ್ಟಿನ ಮೇಲೆ ಬೀಳುತ್ತದೆ. ಮಣಿಕಟ್ಟಿನ ಬಳಿಯ ಎಲುಬು ಹೀಗೆ ಮುರಿಯುವುದಕ್ಕೆ, 1814ರಲ್ಲಿ ಅದನ್ನು ವಿವರಿಸಿದ ಐರಿಷ್ ಶಸ್ತ್ರವೈದ್ಯ ಅಬ್ರಹಾಂ ಕಾಲಸ್ ಅವರ ಹೆಸರಿನಿಂದ ವೈದ್ಯರು ಇಂದಿಗೂ ‘ಕಾಲಸ್ ಮುರಿತ’ ಎನ್ನುತ್ತಾರೆ. ನಿವೃತ್ತಿಗೆ ಸಮೀಪಿಸಿದ್ದ ನಮ್ಮ ಸಹೋದ್ಯೋಗಿಯೊಬ್ಬರು ಒಂದು ಜುಲೈ ತಿಂಗಳಲ್ಲಿ ಒದ್ದೆ ಮೆಟ್ಟಿಲ ಮೇಲೆ ಜಾರಿ ಇದೇ ಮುರಿತಕ್ಕೆ ಗುರಿಯಾದರು. ಆರು ವಾರ ಪ್ಲಾಸ್ಟರು. ಅದನ್ನು ತೆಗೆದ ಮೇಲೂ ಕೈಬೆರಳುಗಳು ನೋಟು ಎಣಿಸುವಷ್ಟು ಚುರುಕಾಗಲು ತಿಂಗಳುಗಳೇ ಹಿಡಿದವು. “ಕೈ ಕೊಟ್ಟುದರಿಂದ ತಲೆ ಉಳಿಯಿತಲ್ಲ, ಮಾರಾಯರೇ” ಎಂದು ಅವರು ನಗುತ್ತಿದ್ದರು. ಅವರ ಮಾತಿನಲ್ಲಿಯೂ ಸತ್ಯವಿದೆ. ವಯಸ್ಸಾದವರಲ್ಲಿ ಕೈಯೂ ಮುಂದೆ ಬಾರದೆ ಪಕ್ಕಕ್ಕೆ ಬಿದ್ದಾಗ ಮುರಿಯುವುದು ತೊಡೆಯೆಲುಬಿನ ಮೇಲ್ತುದಿ. ಆ ಬಳಿಕ ಹಾಸಿಗೆ ಹಿಡಿಯುವುದು, ಅದರಿಂದ ಬರುವ ನ್ಯುಮೋನಿಯ ಮುಂತಾದ ತೊಡಕುಗಳು. ಊರಿನಿಂದ ಬಂದು ಮಕ್ಕಳ ಮನೆಯಲ್ಲಿರುವ ತಾಯ್ತಂದೆಯರನ್ನು ಈ ರೀತಿ ಕಳೆದುಕೊಂಡ ಮನೆಗಳು ನಮ್ಮ ಸಂಘದ ಬಳಗದಲ್ಲಿಯೇ ಇಲ್ಲವೆ?

ಉಕೆಮಿಯ ವಿಧಾನ ಹೀಗೆ. ಹಿಂದಕ್ಕೆ ಬೀಳುವ ‘ಉಶಿರೊ ಉಕೆಮಿ’ಯಲ್ಲಿ ಒಂದು ಕಾಲನ್ನು ಹಿಂದಕ್ಕೆ ಮಡಚಿ, ಕುಳಿತುಕೊಳ್ಳುವಂತೆ ಕೆಳಗಿಳಿದು, ಬೆನ್ನನ್ನು ದುಂಡಾಗಿಸಿ ಹಿಂದಕ್ಕೆ ಉರುಳಬೇಕು. ಗದ್ದವು ಎದೆಗೆ ತಗಲಿರಬೇಕು. ಕಣ್ಣು ಸೊಂಟಪಟ್ಟಿಯ ಗಂಟನ್ನು ನೋಡುತ್ತಿರಬೇಕು. ಆಗ ತಲೆಯ ಹಿಂಭಾಗ ನೆಲಕ್ಕೆ ತಾಕುವುದಿಲ್ಲ. ಕೈಗಳನ್ನು ಹಿಂದಕ್ಕೆ ಊರಲೇಬಾರದು. ಮುಂದಕ್ಕೆ ಬೀಳುವ ‘ಮಾಎ ಉಕೆಮಿ’ಯಲ್ಲಿ ತೋಳನ್ನು ಗಾಡಿಯ ಗಾಲಿಯಂತೆ ಬಾಗಿಸಿ, ಮೊದಲು ಕಿರುಬೆರಳಿನ ಅಂಚು, ಅನಂತರ ಮುಂಗೈ, ತೋಳು, ಭುಜ, ಅಲ್ಲಿಂದ ಬೆನ್ನಿನ ಮೇಲೆ ಓರೆಯಾಗಿ ಹಾದು ಎದುರು ಬದಿಯ ಪೃಷ್ಠ, ಹೀಗೆ ಕ್ರಮವಾಗಿ ನೆಲವನ್ನು ಮುಟ್ಟುತ್ತ ಉರುಳಿ ಏಳಬೇಕು. ಬೆನ್ನುಹುರಿಯ ಉದ್ದಕ್ಕೆ ಉರುಳಬಾರದು. ಉಸಿರನ್ನು ಹಿಡಿಯದೆ ಹೊರಬಿಡಬೇಕು. ಆಘಾತವು ಒಂದೇ ಬಿಂದುವಿನಲ್ಲಿ ಒಮ್ಮೆಲೇ ಬೀಳದೆ ವಿಶಾಲವಾದ ಭಾಗದಲ್ಲಿ, ಹೆಚ್ಚು ಹೊತ್ತಿನಲ್ಲಿ ಹಂಚಿಹೋಗುತ್ತದೆ. ಒಮ್ಮೆಗೇ ತೀರಿಸಬೇಕಾದ ಸಾಲವನ್ನು ಕಂತುಗಳಲ್ಲಿ ತೀರಿಸಿದಂತೆ.

ಇದನ್ನು ಓದಿ ಯಾರೂ ಮನೆಯ ಹಜಾರದಲ್ಲಿ ಉರುಳಲು ತೊಡಗಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಇದನ್ನು ದಪ್ಪ ಹಾಸಿನ ಮೇಲೆ, ಬಲ್ಲವರ ಕಣ್ಣೆದುರಿನಲ್ಲಿ, ಮೊದಲು ಕುಳಿತ ಸ್ಥಿತಿಯಿಂದ ಕಲಿಯಬೇಕು. ಎಲುಬು ಸವೆತ, ಕುತ್ತಿಗೆಯ ಬೇನೆ, ತಲೆ ತಿರುಗುವಿಕೆ, ಕಣ್ಣಿನ ಅಕ್ಷಿಪಟಲದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರೂ, ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರೂ ವೈದ್ಯರ ಸಲಹೆಯಿಲ್ಲದೆ ಈ ಗೊಡವೆಗೆ ಹೋಗಕೂಡದು. ಆರೋಗ್ಯವಂತರಿಗೂ ಅಪಾಯವಿಲ್ಲದಿಲ್ಲ. ಮೇಲೆ ಹೇಳಿದ ಶಿಹೋನಾಗೆಯಲ್ಲಿ ಎಸೆಯುವವನು ಆತುರಪಟ್ಟರೆ ಉಕೆಯ ತಲೆಯ ಹಿಂಭಾಗವು ನೆಲಕ್ಕೆ ಬಡಿಯುವ ಸಂಭವವಿದೆ. ಜೊತೆಗಾರನ ದೇಹವನ್ನು ಸಾಲವಾಗಿ ಪಡೆದಿದ್ದೇವೆ, ಕೆಡಿಸದೆ ಹಿಂದಿರುಗಿಸಬೇಕು ಎಂಬ ಎಚ್ಚರ ಇಲ್ಲದ ತರಗತಿಯಲ್ಲಿ ಸೇರದಿರುವುದೇ ಲೇಸು.

ಹಾಗಾದರೆ ಎಪ್ಪತ್ತರ ಹಿರಿಯರಿಗೆ ಈ ಪದಕೋಶದಿಂದ ಏನು ಪ್ರಯೋಜನ? ಅವರಿಗೆ ಬೇಕಾದುದು ಉರುಳುವಿಕೆಯಲ್ಲ, ಅದಕ್ಕಿಂತ ಹಿಂದಿನ ಪಾಠಗಳು. ‘ಕಮಾಎ’ ಎಂದರೆ ನಿಲುವು. ‘ಹನ್ಮಿ’ ಎಂದರೆ ಅರ್ಧದೇಹ, ಅಂದರೆ ಒಂದು ಪಾದ ಮುಂದೆ, ಒಂದು ಹಿಂದೆ, ಮೊಣಕಾಲು ತುಸು ಸಡಿಲ. ಓಡುವ ಬಸ್ಸಿನಲ್ಲಿ, ಲೋಕಲ್ ರೈಲಿನಲ್ಲಿ ಪಾದಗಳನ್ನು ಜೋಡಿಸಿ ನಿಂತವನಿಗಿಂತ ಹೀಗೆ ನಿಂತವನು ಸ್ಥಿರನೆಂಬುದನ್ನು ಯಾರು ಬೇಕಾದರೂ ನಾಳೆಯೇ ಪರೀಕ್ಷಿಸಬಹುದು. ‘ತಂದೆನ್’ ಎಂದರೆ ನಾಭಿಯ ಕೆಳಗೆ ಕೆಲವು ಬೆರಳಿನಷ್ಟು ಅಂತರದಲ್ಲಿ ಭಾವಿಸುವ ದೇಹದ ಕೇಂದ್ರ; ತಿರುಗುವಾಗ ತಲೆ, ಭುಜಗಳಿಗಿಂತ ಮೊದಲು ಅದನ್ನು ತಿರುಗಿಸಬೇಕು. ‘ಸೇಯಿಝಾ’ ಎಂದರೆ ಸರಿಯಾದ ಆಸನ. ನೋಡಿದರೆ ನಮ್ಮ ವಜ್ರಾಸನವೇ. ಮೊಣಕಾಲು ನೋವಿನವರು ಇದನ್ನು ಬಲವಂತವಾಗಿ ಮಾಡಬಾರದು. ಮಣೆಯ ಮೇಲೆ ಕುಳಿತು ಊಟ ಮಾಡುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ದಿನಕ್ಕೆ ಹಲವು ಸಲ ನೆಲಕ್ಕಿಳಿದು ಏಳುತ್ತಿದ್ದರು. ಪರಸ್ಥಳದ ಫ್ಲ್ಯಾಟುಗಳಲ್ಲಿ ಊಟದ ಮೇಜು ಬಂದ ಮೇಲೆ ಆ ವ್ಯಾಯಾಮ ಬಿಟ್ಟುಹೋಗಿದೆ. ತೊಡೆಯ ಸ್ನಾಯುಗಳ ಬಲ ಕುಂದಲು ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಹಿರಿಯರಲ್ಲಿ ವ್ಯಾಯಾಮವು ಬೀಳುವ ಪ್ರಮಾಣವನ್ನು ಸುಮಾರು ಶೇಕಡ 23ರಷ್ಟು ತಗ್ಗಿಸುತ್ತದೆಂದು, ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಸಮೀಕ್ಷೆಯು 2019ರಲ್ಲಿ ತಿಳಿಸಿತು. ವಿಶೇಷವಾಗಿ ಗುಣ ಕಂಡದ್ದು ಸಮತೋಲನವನ್ನೂ ನಿತ್ಯದ ಚಲನೆಗಳನ್ನೂ ರೂಢಿಸುವ ವ್ಯಾಯಾಮಗಳಿಂದ. ಗೋಡೆಯ ಆಸರೆಯಲ್ಲಿ ಒಂದು ಕಾಲಿನ ಮೇಲೆ ನಿಲ್ಲುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಇವುಗಳಿಗೆ ಜಪಾನೀ ಹೆಸರೇನೂ ಬೇಕಾಗಿಲ್ಲ.

ಇನ್ನೆರಡು ಪದಗಳು ಮಹಾನಗರದವರಿಗೆ ಉಪಯುಕ್ತವಾದುವು. ‘ಮಾಅಯಿ’ ಎಂದರೆ ಇಬ್ಬರ ನಡುವಿನ ಅಂತರ. ‘ಮಾ’ ಎಂಬುದು ಸ್ಥಳದ ಎಡೆಯೂ ಹೌದು, ಕಾಲದ ಎಡೆಯೂ ಹೌದು. ಒಂದು ಹೆಜ್ಜೆ ಇಟ್ಟ ಹೊರತು ಎದುರಾಳಿಯು ಮುಟ್ಟಲಾಗದಷ್ಟು ದೂರವಿದ್ದರೆ, ಆ ಹೆಜ್ಜೆಯ ಕಾಲವು ನಮಗೆ ಲಾಭ. ‘ಝಂಶಿನ್’ ಎಂದರೆ ಉಳಿದ ಮನಸ್ಸು. ಪಟ್ಟು ಮುಗಿದ ಬಳಿಕವೂ ಗಮನವನ್ನು ಹಿಂತೆಗೆಯದಿರುವುದು. ಮೆಟ್ಟಿಲಿಳಿಯುವವರು ಹೆಚ್ಚಾಗಿ ಎಡವುವುದು ‘ಮುಗಿಯಿತು’ ಎಂದುಕೊಂಡ ಕೊನೆಯ ಮೆಟ್ಟಿಲಿನಲ್ಲಿ ಎಂಬುದನ್ನು ನಾನು ರೈಲ್ವೆ ಸೇತುವೆಯ ಮೇಲೆ ಅನೇಕ ಸಲ ಕಂಡಿದ್ದೇನೆ, ಅದರಲ್ಲಿಯೂ ಕೈಯಲ್ಲಿ ಮೊಬೈಲು ಹಿಡಿದವರಲ್ಲಿ.

ದರ್ಜೆಗಳ ಬಗ್ಗೆ ಎರಡು ಮಾತು. ಕೆಳಗಿನ ದರ್ಜೆಗಳಿಗೆ ‘ಕ್ಯೂ’ ಎನ್ನುತ್ತಾರೆ. ಅವನ್ನು ಎಣಿಸುವುದು ದೊಡ್ಡ ಸಂಖ್ಯೆಯಿಂದ ಒಂದರ ಕಡೆಗೆ. ಅದನ್ನು ದಾಟಿದ ಮೇಲೆ ಕಪ್ಪು ಪಟ್ಟಿಯ ‘ದಾನ್’ಗಳು. ಮೊದಲನೆಯದು ‘ಶೋದಾನ್’. ಇಲ್ಲಿ ಒಂದು ಎಂಬ ಅರ್ಥದ ‘ಇಚಿ’ಯನ್ನು ಬಳಸದೆ, ಆರಂಭ ಎಂಬ ಅರ್ಥದ ‘ಶೋ’ವನ್ನು ಬಳಸಿದ್ದಾರೆ. ಸಿನಿಮಾಗಳಲ್ಲಿ ಸರ್ವಜ್ಞತೆಯ ಗುರುತಾದ ಕಪ್ಪು ಪಟ್ಟಿಗೆ ಅದರ ತಾಯ್ನಾಡಿನಲ್ಲಿ ‘ಆರಂಭದ ಮೆಟ್ಟಿಲು’ ಎಂದಷ್ಟೇ ಅರ್ಥ.

ಇಂತಹ ತರಗತಿಗಳು ಈಗ ದೇಶದ ಹಲವು ಮಹಾನಗರಗಳಲ್ಲಿ ನಡೆಯುತ್ತಿವೆ. ಮಕ್ಕಳನ್ನು ಸೇರಿಸಲು ಬಯಸುವ ತಂದೆತಾಯಂದಿರು, ಸ್ವತಃ ಸೇರಬಯಸುವ ಮಧ್ಯವಯಸ್ಕರು, ಶುಲ್ಕವನ್ನು ವಿಚಾರಿಸುವ ಮೊದಲು ಒಂದು ಸಂಜೆ ಗೋಡೆಯ ಬದಿಯಲ್ಲಿ ಕುಳಿತು ತರಗತಿಯನ್ನು ನೋಡಬೇಕು. ಹಾಸು ದಪ್ಪವಾಗಿದೆಯೆ, ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಮೆಲ್ಲಗೆ ಇಳಿಸುತ್ತಾರೆಯೆ ಎಂಬುದನ್ನು ಗಮನಿಸಬೇಕು. ಅನಂತರ ಮೊದಲ ಎರಡು ತಿಂಗಳು ಏನು ಕಲಿಸುತ್ತೀರೆಂದು ಕೇಳಬೇಕು. ‘ಉಕೆಮಿ’ ಎಂದು ಉತ್ತರ ಬಂದರೆ ಹೆಸರು ನೋಂದಾಯಿಸಬಹುದು. ಎಸೆಯುವುದನ್ನು ಮೊದಲು ಕಲಿಸುತ್ತೇವೆಂದರೆ ನಮಸ್ಕಾರ ಹೇಳಿ ಮನೆಗೆ ಬರುವುದು ಒಳ್ಳೆಯದು.